ಅತ್ತೆ, ಮಾವ, ಮಕ್ಕಳು ಮತ್ತು ಬಕೆಟ್ ಊಟ: ಡಿಸ್ನಿಯ ಹೂಪ್-ಡೀ-ಡೂಗೆ ಹೊರಡುವವರಿಗೆ

ಏಪ್ರಿಲ್ ಬಂತೆಂದರೆ ಫ್ಲಾರಿಡಾದ ಟ್ಯಾಂಪಾ ಊರಿನ ಕನ್ನಡದ ಮನೆಗಳಲ್ಲಿ ಊರಿನಿಂದ ಬಂದ ಹಿರಿಯರು ತುಂಬಿಕೊಳ್ಳುತ್ತಾರೆ. ಬಂದವರಿಗೆ ಡಿಸ್ನಿ ತೋರಿಸದೆ ವಾಪಸು ಕಳಿಸಿದರೆ ಊರಲ್ಲಿ ಮಾತು ಬರುತ್ತದೆ ಎಂಬ ಹೆದರಿಕೆ ಬೇರೆ. ಆಗ ಪರಿಚಯದವರಿಂದ ಫೋನ್ ಬರುತ್ತದೆ: "ನಿಮ್ಮ ಅತ್ತೆ, ಮಾವನನ್ನು ಕರೆದುಕೊಂಡು ಹೋಗಿದ್ದಿರಲ್ಲ, ಹೇಗೆ ನಿಭಾಯಿಸಿದಿರಿ?" ನಾನು ಹೇಳುವುದು ಒಂದೇ ಮಾತು. ಎಪ್ಪತ್ತು ದಾಟಿದವರನ್ನು ಫ್ಲಾರಿಡಾದ ಬಿಸಿಲಿನಲ್ಲಿ ಬೆಳಗಿನಿಂದ ರಾತ್ರಿಯವರೆಗೆ ಡಿಸ್ನಿಯ ಮುಖ್ಯ ಪಾರ್ಕಾದ ಮ್ಯಾಜಿಕ್ ಕಿಂಗ್‌ಡಮ್ ಸುತ್ತಿಸಬೇಡಿ. ಸಂಜೆ ಹೂಪ್-ಡೀ-ಡೂ ಆಟಕ್ಕೆ ಕರೆದುಕೊಂಡು ಹೋಗಿ. ಅದನ್ನೇ ಆ ದಿನದ ಪ್ರವಾಸ ಮಾಡಿ, ಪಾರ್ಕ್ ಸುತ್ತಿ ಸುಸ್ತಾದ ಮೇಲಿನ ಬಾಲಂಗೋಚಿಯನ್ನಾಗಿ ಅಲ್ಲ.

ಹೂಪ್-ಡೀ-ಡೂ ಮ್ಯೂಸಿಕಲ್ ರೆವ್ಯೂ ಎಂಬುದು ಊಟ ಬಡಿಸುತ್ತಲೇ ನಡೆಯುವ ಹಾಡು, ಕುಣಿತ, ಹಾಸ್ಯದ ಆಟ. ಡಿಸ್ನಿ ವರ್ಲ್ಡ್‌ನ ಒಳಗೆ ಫೋರ್ಟ್ ವೈಲ್ಡರ್ನೆಸ್ ಎಂಬ ಕ್ಯಾಂಪ್‌ಗ್ರೌಂಡ್ ಇದೆ. ಪೈನ್, ಸೈಪ್ರೆಸ್ ಮರಗಳ ನಡುವೆ ಸುಮಾರು 750 ಎಕರೆ ಜಾಗ, 1971ರ ನವೆಂಬರ್‌ನಲ್ಲಿ ತೆರೆದದ್ದು. ಅದರ ಒಂದು ತುದಿಯಲ್ಲಿ, ಬೇ ಲೇಕ್ ಎಂಬ ಕೆರೆಯ ದಡಕ್ಕೆ ಹತ್ತಿರ, ಪಯೊನೀರ್ ಹಾಲ್ ಎಂಬ ಮರದ ದಿಮ್ಮಿಗಳ ದೊಡ್ಡ ಮನೆ. 1974ರಿಂದ ಆಟ ನಡೆಯುವುದು ಅಲ್ಲಿಯೇ. 2020ರ ಮಾರ್ಚ್‌ನಲ್ಲಿ ಕೊರೊನಾ ಬಂದಾಗ ನಿಂತು, 2022ರ ಜೂನ್‌ನಲ್ಲಿ ಮತ್ತೆ ಶುರುವಾಯಿತು. ಪಾಲಿನೇಷಿಯನ್ ಹೋಟೆಲ್ಲಿನಲ್ಲಿ ನಡೆಯುತ್ತಿದ್ದ ಹವಾಯಿ ಕುಣಿತದ ಊಟ ಮಾತ್ರ ಆಗ ನಿಂತದ್ದು ಮರಳಿ ಬರಲೇ ಇಲ್ಲ. ಹಳೆಯ ಸಲಹೆ ಹಿಡಿದುಕೊಂಡು ಅದನ್ನು ಹುಡುಕಬೇಡಿ.

ಡಿಸ್ನಿಗೆ ಹತ್ತಿರದ ಕಿಸಿಮ್ಮಿಯಲ್ಲಿ 1983ರಿಂದ ಮೀಡಿವಲ್ ಟೈಮ್ಸ್ ಎಂಬ ಊಟದ ಆಟ ಇದೆಯಲ್ಲ ಎಂದು ಕೆಲವರು ಕೇಳುತ್ತಾರೆ. ಕುದುರೆ, ಕತ್ತಿ, ಕೈಯಲ್ಲೇ ಹರಿದು ತಿನ್ನುವ ಕೋಳಿ. ಹದಿಹರೆಯದ ಹುಡುಗರಿದ್ದರೆ ಅಲ್ಲಿಗೆ ಹೋಗಿ. ಮೂರು ತಲೆಮಾರು ಒಂದೇ ಮೇಜಿಗೆ ಕೂರಬೇಕಾದರೆ ನನ್ನ ಮತ ಹೂಪ್-ಡೀ-ಡೂಗೆ.

ಮೊದಲು ಲೆಕ್ಕ

ಈ ಆಟ ನೋಡಲು ಪಾರ್ಕಿನ ಟಿಕೆಟ್ ಬೇಕಾಗಿಲ್ಲ. ಈ ಒಂದು ವಿಷಯ ಗೊತ್ತಿಲ್ಲದೆ ಎಷ್ಟೋ ಮನೆಯವರು ಎರಡು ಕಡೆ ಹಣ ಸುರಿಯುತ್ತಾರೆ. ಡಿಸ್ನಿ ಪಾರ್ಕ್‌ಗಳ ಒಂದು ದಿನದ ಟಿಕೆಟ್ಟಿನ ದರ ದಿನದಿಂದ ದಿನಕ್ಕೆ ಬದಲಾಗುತ್ತದೆ. ರಜೆಯ ಕಾಲದಲ್ಲಿ ಮ್ಯಾಜಿಕ್ ಕಿಂಗ್‌ಡಮ್‌ಗೆ ಒಬ್ಬರಿಗೆ 200 ಡಾಲರ್ ಹತ್ತಿರ ಹೋಗುವುದುಂಟು. ಹೂಪ್-ಡೀ-ಡೂಗೆ 2022ರಲ್ಲಿ ಮತ್ತೆ ಶುರುವಾದಾಗ ದೊಡ್ಡವರಿಗೆ 70 ಡಾಲರ್ ಆಸುಪಾಸು, 3ರಿಂದ 9 ವರ್ಷದ ಮಕ್ಕಳಿಗೆ 40 ಡಾಲರ್ ಆಸುಪಾಸು ಇತ್ತು. ಕೂರುವ ಜಾಗವನ್ನು ನೋಡಿ ಸ್ವಲ್ಪ ಹೆಚ್ಚು ಕಡಿಮೆ ಆಗುತ್ತದೆ. ಮೂರು ತುಂಬದ ಮಗುವಿಗೆ ದುಡ್ಡಿಲ್ಲ. ತೆರಿಗೆ, ಟಿಪ್ಸ್ ಎರಡೂ ಅದರಲ್ಲೇ ಸೇರಿವೆ. ಅಮೆರಿಕದ ಹೋಟೆಲ್ ಬಿಲ್ಲಿನ ಕೆಳಗೆ ಬಂದು ಕೂರುವ ಶೇಕಡಾ 18, 20ರ ಸಂಕಟ ಇಲ್ಲಿಲ್ಲ. ಎಷ್ಟು ಬೇಕೋ ಅಷ್ಟು ಬಡಿಸುತ್ತಾರೆ, ಬಿಯರ್, ವೈನ್, ಸ್ಯಾಂಗ್ರಿಯಾ ಕೂಡ ಅದೇ ದರದೊಳಗೆ.

ಮಾವ ಇದನ್ನು ರೂಪಾಯಿಗೆ ಗುಣಿಸಿ "ಒಂದು ಊಟಕ್ಕಾ?" ಎಂದು ಕೇಳಿಯೇ ಕೇಳುತ್ತಾರೆ. ನಿಮ್ಮ ಮನೆಯವರೂ ಕೇಳುತ್ತಾರೆ. ದರವನ್ನು ಮೊದಲೇ ಹೇಳಬೇಡಿ ಎಂಬುದು ನನ್ನ ಸಲಹೆ. ಬುಕ್ ಮಾಡುವಾಗಲೇ ಪೂರ್ತಿ ಹಣ ಕಾರ್ಡಿನಿಂದ ಹೋಗಿರುತ್ತದೆ, ಅಲ್ಲಿ ಮೇಜಿನ ಮೇಲೆ ಬಿಲ್ ಬರುವುದೇ ಇಲ್ಲ. ಆ ಸೌಕರ್ಯವನ್ನು ಬಳಸಿಕೊಳ್ಳಿ.

ದಿನ, ಹೊತ್ತು, ಕುರ್ಚಿ

ಬುಕಿಂಗ್ 60 ದಿನ ಮೊದಲು ತೆರೆಯುತ್ತದೆ. ಜೂನ್ 30ರ ಆಟ ಬೇಕಾದರೆ ಮೇ 1ರ ಬೆಳಗ್ಗೆ ಎದ್ದು ಕೂರಬೇಕು. ಡಿಸ್ನಿಯದೇ ಹೋಟೆಲ್ಲಿನಲ್ಲಿ ಉಳಿಯುವವರಾದರೆ, ಬಂದಿಳಿಯುವ ದಿನಕ್ಕೆ 60 ದಿನ ಮೊದಲೇ ವಾಸ್ತವ್ಯದ ಅಷ್ಟೂ ದಿನಗಳ ಬುಕಿಂಗ್ ಮಾಡಬಹುದು, ಹತ್ತು ದಿನಗಳ ಮಿತಿಯೊಳಗೆ. ಹಾಗಾಗಿ ಶನಿವಾರದ ಒಳ್ಳೆಯ ಮೇಜುಗಳು ನಮ್ಮಂಥ ಸ್ಥಳೀಯರ ಕೈಗೆ ಬರುವ ಮೊದಲೇ ಹೋಗಿರುತ್ತವೆ. ಹಿರಿಯರಿಗೆ ಶನಿವಾರವೂ ಒಂದೇ, ಮಂಗಳವಾರವೂ ಒಂದೇ. ನೀವು ಒಂದು ದಿನ ರಜೆ ಹಾಕಿ ವಾರದ ನಡುವೆ ಹೋಗಿ. ಟ್ಯಾಂಪಾದಿಂದ ಹೋಗುವ ಐ-4 ಹೆದ್ದಾರಿಯೂ ವಾರದ ಕೊನೆಗಿಂತ ಆಗ ಸ್ವಲ್ಪ ದಯೆ ತೋರಿಸುತ್ತದೆ. ಸಿಗಲಿಲ್ಲವೆಂದರೆ ಕೈಬಿಡಬೇಡಿ. ರದ್ದು ಮಾಡುವ ಗಡುವು ಹತ್ತಿರ ಬಂದಂತೆ ಹಲವರು ಬಿಟ್ಟುಕೊಡುತ್ತಾರೆ, ಹಿಂದಿನ ಎರಡು ಮೂರು ದಿನ ಆಗಾಗ ನೋಡುತ್ತಿದ್ದರೆ ಮೇಜು ಸಿಗುತ್ತದೆ. ಆ ಗಡುವು ಯಾವಾಗ ಎಂಬುದನ್ನು ಬುಕ್ ಮಾಡುವಾಗಲೇ ಓದಿ, ಮೊಬೈಲಿನಲ್ಲಿ ಅಲಾರಾಂ ಇಟ್ಟುಕೊಳ್ಳಿ. ವಯಸ್ಸಾದವರ ವಿಷಯದಲ್ಲಿ ಹಿಂದಿನ ದಿನ ಜ್ವರ ಬಂದರೆ ಏನೂ ಮಾಡಲಾಗುವುದಿಲ್ಲ, ಹಣವಾದರೂ ಉಳಿಯಲಿ.

ಸಾಮಾನ್ಯವಾಗಿ ಸಂಜೆ 4 ಗಂಟೆಗೆ, 6.15ಕ್ಕೆ, ರಾತ್ರಿ 8.30ಕ್ಕೆ ಹೀಗೆ ಮೂರು ಆಟ. ನಾಲ್ಕು ಗಂಟೆಯದು ಕಾಫಿಯ ಹೊತ್ತು, ಅಷ್ಟು ಹೊತ್ತಿಗೆ ನಮ್ಮವರಿಗೆ ಊಟ ಇಳಿಯುವುದಿಲ್ಲ. ಎಂಟೂವರೆಯದು ಮುಗಿಯುವಾಗ ಹತ್ತೂವರೆ, ಅಷ್ಟರಲ್ಲಿ ಮಕ್ಕಳು ಮೇಜಿನ ಮೇಲೆಯೇ ನಿದ್ದೆ ಹೋಗಿರುತ್ತಾರೆ. 6.15ರದೇ ಸರಿ. ಮಧುಮೇಹಕ್ಕೆ ಮಾತ್ರೆ ಅಥವಾ ಇನ್ಸುಲಿನ್ ತೆಗೆದುಕೊಳ್ಳುವವರಿಗೂ ಇದು ಅನುಕೂಲ, ಕುಳಿತ ಸ್ವಲ್ಪ ಹೊತ್ತಿನಲ್ಲೇ ಸಲಾಡ್, ಬ್ರೆಡ್ ಬಂದುಬಿಡುತ್ತದೆ. ಊರಿನಿಂದ ಬಂದ ಮೊದಲ ವಾರದಲ್ಲಿ ಮಾತ್ರ ಯಾವ ಆಟವೂ ಬೇಡ. ಹಗಲು ರಾತ್ರಿ ಅದಲು ಬದಲಾಗಿರುವಾಗ ಸಂಜೆ ಏಳಕ್ಕೆ ಅವರಿಗೆ ನಡುರಾತ್ರಿ ದಾಟಿರುತ್ತದೆ.

ಕುರ್ಚಿಗಳಲ್ಲಿ ಮೂರು ವರ್ಗ. ಮೊದಲನೆಯದು ಕೆಳಗೆ ವೇದಿಕೆಗೆ ಹತ್ತಿರ, ಎರಡನೆಯದು ಕೆಳಗೆ ಹಿಂಭಾಗ ಅಥವಾ ಬಾಲ್ಕನಿಯ ನಡುಭಾಗ, ಮೂರನೆಯದು ಬಾಲ್ಕನಿಯ ಎಡಬಲ. ಮನೆಯಲ್ಲಿ ಮಂಡಿನೋವಿನವರು ಒಬ್ಬರಾದರೂ ಇದ್ದರೆ ಮರುಮಾತಿಲ್ಲದೆ ಮೊದಲ ವರ್ಗ. ಬಾಲ್ಕನಿ ಎಂದರೆ ಮೆಟ್ಟಿಲು, ಊಟದ ನಡುವೆ ಶೌಚಾಲಯಕ್ಕೆ ಹೋಗಬೇಕೆಂದರೂ ಮತ್ತೆ ಅದೇ ಮೆಟ್ಟಿಲು. ತಲೆಗೆ ಕೆಲವೇ ಡಾಲರ್ ಉಳಿಸಲು ಹೋಗಿ ಅತ್ತೆಯನ್ನು ಮಹಡಿ ಹತ್ತಿಸುವುದು ಯಾವ ಉಳಿತಾಯ? ಮಂಡಿ ಗಟ್ಟಿಯಿರುವವರೇ ಹೋಗುವುದಾದರೆ ಬಾಲ್ಕನಿಯೇನೂ ಕೆಟ್ಟದ್ದಲ್ಲ, ಮೇಲಿನಿಂದ ಇಡೀ ಕುಣಿತ ಚೆನ್ನಾಗಿ ಕಾಣುತ್ತದೆ. ಗಾಲಿಕುರ್ಚಿ ಇದ್ದರೆ ಬುಕ್ ಮಾಡುವಾಗಲೇ ತಿಳಿಸಿ. ವೇದಿಕೆಗೆ ಅಂಟಿದ ಮೇಜು ಸಿಕ್ಕಿದರೆ ನಟರು ಬಂದು ಮಾತಿಗೆಳೆಯುತ್ತಾರೆ ಎಂಬುದು ಗೊತ್ತಿರಲಿ. ನಮ್ಮ ಮಾವನಿಗೆ ಅದು ಖುಷಿ, ನನ್ನ ಗಂಡನಿಗೆ ಶಿಕ್ಷೆ.

ತಟ್ಟೆಯ ವಿಚಾರ

ನಮ್ಮವರಲ್ಲಿ ಅರ್ಧ ಜನ ಇಲ್ಲಿಗೆ ಬರಲು ಹಿಂಜರಿಯುವುದು ಊಟದ ಪಟ್ಟಿ ಓದಿ. ಕರಿದ ಕೋಳಿ, ಹಂದಿಯ ಪಕ್ಕೆಲುಬು, ಬೇಕ್ಡ್ ಬೀನ್ಸ್, ಆಲೂಗಡ್ಡೆಯ ಮ್ಯಾಶ್, ಜೋಳದ ಬ್ರೆಡ್, ಸಲಾಡ್, ಕೊನೆಗೆ ಸ್ಟ್ರಾಬೆರಿ ಶಾರ್ಟ್‌ಕೇಕ್. ಇದನ್ನೆಲ್ಲ ತಗಡಿನ ಬಕೆಟ್‌ಗಳಲ್ಲಿ ತುಂಬಿ ತಂದು ಮೇಜಿನ ನಡುವೆ ಇಡುತ್ತಾರೆ. ಕೋಳಿ ತಿನ್ನುವವರಿಗೆ ಸ್ವರ್ಗ. ನಮ್ಮ ಮನೆಯಲ್ಲಿ ಗಂಡ, ಮಕ್ಕಳು ಆ ಬಕೆಟ್ ಖಾಲಿ ಮಾಡಿ ಇನ್ನೊಂದು ತರಿಸಿಕೊಳ್ಳುತ್ತಾರೆ. ಮಾವ ಸಸ್ಯಾಹಾರಿ, ಕೇಕಿನಲ್ಲಿ ಮೊಟ್ಟೆ ಇದ್ದರೆ ಕೇಳಲು ಹೋಗುವುದಿಲ್ಲ. ಅತ್ತೆ ಕೇಳುತ್ತಾರೆ.

ಆದ್ದರಿಂದ ಸಸ್ಯಾಹಾರಿ ಎಂದಷ್ಟೇ ಹೇಳಿ ಸುಮ್ಮನಾಗಬೇಡಿ. ಅಮೆರಿಕದ ಅಡುಗೆಯವರಿಗೆ ಆ ಮಾತಿನಲ್ಲಿ ಮೊಟ್ಟೆ ಸೇರಿಯೇ ಇರುತ್ತದೆ. ವೀಗನ್ ಎಂದರೆ ಮೊಟ್ಟೆ ಹೋಗುತ್ತದೆ, ಜೊತೆಗೆ ಹಾಲು, ಬೆಣ್ಣೆಯೂ ಹೋಗುತ್ತದೆ. ಬಿಡಿಸಿಯೇ ಹೇಳಿ: ಮಾಂಸ, ಮೀನು, ಮೊಟ್ಟೆ, ಮಾಂಸದ ಸಾರು, ಪ್ರಾಣಿಕೊಬ್ಬು ಬೇಡ, ಹಾಲು, ಮೊಸರು, ಬೆಣ್ಣೆ ನಡೆಯುತ್ತದೆ. ಇದನ್ನು ಮೂರು ಕಡೆ ಹೇಳಬೇಕು. ಬುಕ್ ಮಾಡುವಾಗ ಟಿಪ್ಪಣಿಯಲ್ಲಿ, ಬಾಗಿಲಲ್ಲಿ ಹೆಸರು ನೋಂದಾಯಿಸುವಾಗ, ಮೇಜಿಗೆ ಬಡಿಸುವವರು ಬಂದಾಗ. ಮೂರನೆಯ ಸಲ ಹೇಳುವಾಗ ಶೆಫ್ ಜೊತೆ ಮಾತನಾಡಬೇಕು ಎಂದು ಕೇಳಿ. ಡಿಸ್ನಿಯ ಊಟದ ಮನೆಗಳಲ್ಲಿ ಇದು ದಿನನಿತ್ಯದ ಕೆಲಸ, ಯಾರೂ ಮುಖ ಗಂಟಿಕ್ಕುವುದಿಲ್ಲ. ಅವರು ಬೇರೆ ತಟ್ಟೆ ಮಾಡಿಸಿ ತರುತ್ತಾರೆ.

ಶೆಫ್ ಬಂದಾಗ ಒಂದೊಂದಾಗಿ ಕೇಳಿ. ಬೀನ್ಸ್‌ನಲ್ಲಿ ಹಂದಿಮಾಂಸ ಇದೆಯೇ? ಅಮೆರಿಕದ ಬೇಕ್ಡ್ ಬೀನ್ಸ್‌ಗೆ ಅದನ್ನು ಸೇರಿಸುವ ರೂಢಿ ಇದೆ. ಮ್ಯಾಶ್‌ಗೆ, ಗ್ರೇವಿಗೆ ಕೋಳಿಸಾರು ಹಾಕಿದ್ದಾರೆಯೇ? ಕರಿದದ್ದೇನಾದರೂ ಕೊಟ್ಟರೆ ಕೋಳಿ ಕರಿದ ಎಣ್ಣೆಯಲ್ಲೇ ಕರಿದದ್ದೇ? ಜೋಳದ ಬ್ರೆಡ್‌ಗೂ ಶಾರ್ಟ್‌ಕೇಕ್‌ಗೂ ಸಾಮಾನ್ಯವಾಗಿ ಮೊಟ್ಟೆ ಹಾಕುತ್ತಾರೆ, ಅದಕ್ಕೆ ಬದಲಿ ಏನು ಕೊಡುತ್ತೀರಿ ಎಂದು ನೇರವಾಗಿ ಕೇಳಿ. ಅತ್ತೆಯ ಎದುರಿಗೆ ನಡೆದ ಈ ವಿಚಾರಣೆಯಿಂದ ಒಂದು ಲಾಭವಾಯಿತು. ಬಿಳಿ ಟೋಪಿಯ ಮನುಷ್ಯ ಬಾಗಿ ನಿಂತು, ಪುಟ್ಟ ಪುಸ್ತಕದಲ್ಲಿ ಬರೆದುಕೊಂಡು, ತಟ್ಟೆಯನ್ನು ಸ್ವತಃ ತಂದಿಟ್ಟದ್ದನ್ನು ಕಂಡ ಮೇಲೆ ಅವರು ಸಂಶಯವಿಲ್ಲದೆ ಕೈಹಾಕಿದರು. ನಾನು ಹತ್ತು ಸಲ ಆಣೆ ಹಾಕಿದ್ದರೂ ಆ ನಂಬಿಕೆ ಹುಟ್ಟುತ್ತಿರಲಿಲ್ಲ.

ಬೇರೆ ತಟ್ಟೆ ಬರುವುದು ಬಕೆಟ್‌ಗಳಿಗಿಂತ ಸ್ವಲ್ಪ ತಡವಾಗುತ್ತದೆ. ಎಲ್ಲರೂ ತಿನ್ನುತ್ತಿರುವಾಗ ಹಿರಿಯರು ಬರಿಗೈಯಲ್ಲಿ ಕೂರುವುದು ನೋಡಲು ಚೆನ್ನಾಗಿರುವುದಿಲ್ಲ. ಸಲಾಡ್ ಅವರಿಗೇ ಮೊದಲು ಬಡಿಸಿ, ಮಾಂಸದ ಬಕೆಟ್ ಮೇಜಿನ ಆ ತುದಿಗೆ ಸರಿಸಿ. ಕೂರುವ ಕ್ರಮವನ್ನೂ ಹಾಗೇ ಮಾಡಿಕೊಳ್ಳಿ: ಒಂದು ತುದಿಯಲ್ಲಿ ಕೋಳಿಯವರು, ಇನ್ನೊಂದು ತುದಿಯಲ್ಲಿ ತಟ್ಟೆಯವರು. ಒಂದೇ ಚಮಚ ಎರಡು ಕಡೆ ಓಡಾಡುವುದು ತಪ್ಪುತ್ತದೆ.

ಊಟ ರುಚಿಯಾಗಿರುತ್ತದೆಯೇ ಎಂದರೆ, ಸಸ್ಯಾಹಾರಿಗಳಿಗೆ ಹೊಟ್ಟೆ ತುಂಬುತ್ತದೆ, ಅಷ್ಟೇ. ಖಾರ, ಹುಳಿ, ಒಗ್ಗರಣೆ ಯಾವುದೂ ಇಲ್ಲ. ಉಪ್ಪಿನಕಾಯಿ ಒಯ್ಯಬಹುದೇ ಎಂದು ಅತ್ತೆ ಕೇಳಿದರು. ಚಿಕ್ಕ ಡಬ್ಬಿಯಲ್ಲಿ ಚಟ್ನಿಪುಡಿ ಕೈಚೀಲಕ್ಕೆ ಹಾಕಿಕೊಂಡೆವು, ಆಲೂಗಡ್ಡೆಯ ಮ್ಯಾಶ್ ಮೇಲೆ ಉದುರಿಸಿದರೆ ಅದಕ್ಕೊಂದು ಜೀವ ಬರುತ್ತದೆ. ಮೇಜಿನಲ್ಲಿದ್ದ ಅಮೆರಿಕದವರೂ ಕೇಳಿ ಹಾಕಿಸಿಕೊಂಡರು. ಇನ್ನು ಏನೇ ಕೊಟ್ಟರೂ ಹೊರಗೆ ಮುಟ್ಟದಂಥ ಹಿರಿಯರಿದ್ದರೆ ಹೊರಡುವ ಮೊದಲು ಮನೆಯಲ್ಲೇ ಊಟ ಮಾಡಿಸಿ ಕರೆದೊಯ್ಯಿರಿ, ಕಾರಿನ ಕೂಲರ್‌ನಲ್ಲಿ ಮೊಸರನ್ನ ಇಟ್ಟುಕೊಳ್ಳಿ. ಆಟವಂತೂ ಹೊಟ್ಟೆ ತುಂಬಿಯೇ ನೋಡಬೇಕಾದದ್ದು.

ದಾರಿಯೇ ಅರ್ಧ ಕೆಲಸ

ಫೋರ್ಟ್ ವೈಲ್ಡರ್ನೆಸ್‌ನ ತೊಡಕು ಇದು. ಕಾರನ್ನು ಪಯೊನೀರ್ ಹಾಲ್ ಬಾಗಿಲಿಗೆ ಒಯ್ಯಲಾಗುವುದಿಲ್ಲ. ಒಳಗಿನ ರಸ್ತೆಗಳಲ್ಲಿ ಕ್ಯಾಂಪ್ ಹಾಕಿರುವವರು ತಮ್ಮ ಜಾಗಕ್ಕೆ ಹೋಗಿ ಬರುವಷ್ಟೇ ಅವಕಾಶ. ಉಳಿದವರು ಗೇಟಿನ ಹತ್ತಿರ ಔಟ್‌ಪೋಸ್ಟ್ ಎಂಬ ಕಡೆ ಕಾರು ನಿಲ್ಲಿಸಿ, ಅಲ್ಲಿಂದ ಕ್ಯಾಂಪಿನೊಳಗಿನ ಬಸ್ ಹಿಡಿದು ಸೆಟಲ್‌ಮೆಂಟ್ ಎಂಬ ನಿಲ್ದಾಣದಲ್ಲಿ ಇಳಿಯಬೇಕು. ಗೇಟಿನಲ್ಲಿ ಗುರುತಿನ ಚೀಟಿ, ಊಟದ ಬುಕಿಂಗ್ ಕೇಳುತ್ತಾರೆ, ಮೊಬೈಲಿನಲ್ಲಿ ತೆರೆದಿಟ್ಟುಕೊಳ್ಳಿ. ಬಸ್ ಕಾಡಿನ ಸುತ್ತಮುತ್ತ ನಿಂತು ನಿಂತು ಹೋಗುತ್ತದೆ. ಆಟಕ್ಕೆ ಅರ್ಧ ಗಂಟೆ ಮೊದಲು ಬಾಗಿಲಲ್ಲಿ ಇರಬೇಕಾದದ್ದರಿಂದ, 6.15ರ ಆಟಕ್ಕೆ ಕಾರು 4.45ರೊಳಗೆ ನಿಂತಿರಲಿ. ಇನ್ನೊಂದು ಪಾರ್ಕಿನಿಂದ ಡಿಸ್ನಿ ಬಸ್ ಹಿಡಿದು ಬರುವವರೂ ಇದೇ ಔಟ್‌ಪೋಸ್ಟ್‌ನಲ್ಲಿ ಇಳಿದು ಬಸ್ ಬದಲಿಸಬೇಕು.

ಚೆಂದದ ದಾರಿ ಬೇರೆ ಇದೆ. ಮ್ಯಾಜಿಕ್ ಕಿಂಗ್‌ಡಮ್ ಮುಂದಿನ ದೋಣಿಕಟ್ಟೆಯಿಂದ ಹಸಿರು ಬಾವುಟದ ದೋಣಿ ಬೇ ಲೇಕ್ ದಾಟಿ ಫೋರ್ಟ್ ವೈಲ್ಡರ್ನೆಸ್‌ಗೆ ಬರುತ್ತದೆ. ಇಳಿದರೆ ಪಯೊನೀರ್ ಹಾಲ್ ಕೂಗಳತೆಯಲ್ಲಿ. ದೋಣಿಕಟ್ಟೆ ಪಾರ್ಕಿನ ಗೇಟಿನ ಹೊರಗಿರುವುದರಿಂದ ಅದಕ್ಕೂ ಟಿಕೆಟ್ ಬೇಡ. ಮಾನೊರೈಲಿನಲ್ಲಿ ಅಲ್ಲಿಗೆ ಬಂದು, ಕೋಟೆಯ ಗೋಪುರವನ್ನು ಹೊರಗಿನಿಂದ ನೋಡಿ, ಫೋಟೊ ತೆಗೆದು, ದೋಣಿ ಹತ್ತಿದರೆ ಹಿರಿಯರ ಲೆಕ್ಕದಲ್ಲಿ ಡಿಸ್ನಿ ನೋಡಿದ ಹಾಗೇ. ಊರಿಗೆ ಕಳಿಸಲು ಬೇಕಾದ ಫೋಟೊವೂ ಸಿಕ್ಕಿತು. ಮಾನೊರೈಲ್ ಹತ್ತುವ ದೊಡ್ಡ ಪಾರ್ಕಿಂಗ್ ಜಾಗಕ್ಕೆ ಮಾತ್ರ ದುಡ್ಡು ಕೊಡಬೇಕು.

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಫ್ಲಾರಿಡಾದಲ್ಲಿ ಮಧ್ಯಾಹ್ನ ಮೂರರ ಮೇಲೆ ಗುಡುಗು ಮಳೆ ನಿತ್ಯದ ನೇಮ. ಮಿಂಚು ಕಂಡರೆ ದೋಣಿ ನಿಲ್ಲಿಸಿಬಿಡುತ್ತಾರೆ. ಆ ತಿಂಗಳುಗಳಲ್ಲಿ ಬರುವಾಗ ಬಸ್, ಹೋಗುವಾಗ ಆಕಾಶ ನೋಡಿ ದೋಣಿ ಎಂದುಕೊಂಡರೆ ಕ್ಷೇಮ. ಛತ್ರಿ ಕೈಯಲ್ಲಿರಲಿ. ಸಾಧ್ಯವಿದ್ದರೆ ಏಪ್ರಿಲ್ ಕೊನೆಯಲ್ಲಿ ಅಥವಾ ಮೇ ಮೊದಲಲ್ಲಿ ಹೋಗಿಬಿಡಿ. ಹಿರಿಯರು ಬಂದು ಸುಧಾರಿಸಿಕೊಂಡಿರುತ್ತಾರೆ, ಶಾಲೆಗಳಿಗೆ ರಜೆ ಬಂದಿರುವುದಿಲ್ಲ, ಚಂಡಮಾರುತದ ಕಾಲವೂ ಶುರುವಾಗಿರುವುದಿಲ್ಲ.

ಬೇಗ ತಲುಪಿದರೆ ಹೊತ್ತು ಕಳೆಯಲು ಪಕ್ಕದಲ್ಲೇ ಟ್ರೈ-ಸರ್ಕಲ್-ಡಿ ರ‍್ಯಾಂಚ್ ಎಂಬ ಕುದುರೆ ಲಾಯ ಇದೆ, ಮಕ್ಕಳನ್ನು ಅಲ್ಲಿಗೆ ಕರೆದೊಯ್ಯಿರಿ. ನಮ್ಮ ಮಾವ ಕುದುರೆಯ ಕಡೆ ತಿರುಗಲಿಲ್ಲ. ತೀರ್ಥಹಳ್ಳಿಯ ಕಡೆಯವರು, ಮರ ಕಂಡರೆ ಕೈ ತಡೆಯುವುದಿಲ್ಲ. ಪಯೊನೀರ್ ಹಾಲಿನ ಗೋಡೆಯ ದಿಮ್ಮಿಗಳನ್ನು ಉಗುರಿನಿಂದ ಕೆರೆದು, ಬೆರಳು ಗಂಟಿನಿಂದ ತಟ್ಟಿ, "ಇದು ಇಲ್ಲಿಯ ಮರವಲ್ಲ" ಎಂದರು. ನಿಜ, ಮಾಂಟಾನಾದಿಂದ ತರಿಸಿದ ಬಿಳಿ ಪೈನ್ ಅದು. ನಮ್ಮ ಸಾಗುವಾನಿಯ ಮುಂದೆ ಹುಲ್ಲು ಎಂದು ತೀರ್ಪು ಕೊಟ್ಟು ಒಳಗೆ ಬಂದರು.

ಒಳಗೆ ಕುಳಿತ ಮೇಲೆ

ಒಂದು ಪಿಯಾನೊ, ಒಂದು ಬ್ಯಾಂಜೊ, ಆರು ಪಾತ್ರಗಳು. ಜಿಮ್ ಹ್ಯಾಂಡಿ, ಫ್ಲೋರಾ ಲಾಂಗ್, ಜಾನಿ ರಿಂಗೊ, ಕ್ಲೇರ್ ಡಿ ಲೂನ್, ಡಾಲಿ ಡ್ರೂ, ಸಿಕ್ಸ್ ಬಿಟ್ಸ್ ಸ್ಲೊಕಂ. ನಟರು ಬದಲಾದರೂ ಪಾತ್ರಗಳು ಅವೇ. ಕಥೆ ಎಂದು ಹೇಳುವಂಥದ್ದೇನೂ ಇಲ್ಲ. ಗಾಡಿಯಲ್ಲಿ ಬಂದ ಊರೂರು ತಿರುಗುವ ತಂಡವೊಂದು ಹಾಡಿ ಕುಣಿದು ನಗಿಸುತ್ತದೆ. ಸಿಕ್ಸ್ ಬಿಟ್ಸ್ ಬೀಳುತ್ತಾನೆ, ಏಳುತ್ತಾನೆ, ಡಾಲಿ ಅವನ ಹಿಂದೆ ಬೀಳುತ್ತಾಳೆ. ಇಂಗ್ಲಿಷ್ ಬಾರದ ಹಿರಿಯರಿಗೆ ಅರ್ಥವಾಗುತ್ತದೆಯೇ ಎಂಬ ಚಿಂತೆ ಬೇಡ. ಚಿಕ್ಕಂದಿನಲ್ಲಿ ಶಿವಮೊಗ್ಗದ ಟೆಂಟಿನಲ್ಲಿ ಕಂಪನಿ ನಾಟಕ ನೋಡಿ ಬೆಳೆದ ಮಾವನಿಗೆ ಇದು ಮೊದಲ ಹತ್ತು ನಿಮಿಷದಲ್ಲೇ ಹೊಂದಿಬಿಟ್ಟಿತು: ಅದೇ ಹಾಸ್ಯದ ಜೋಡಿ, ಅದೇ ಪ್ರೇಕ್ಷಕರ ಕಡೆ ತಿರುಗಿ ಆಡುವ ಮಾತು, ಬಿದ್ದ ಪೆಟ್ಟಿನ ಜೊತೆಗೇ ಸರಿಯಾಗಿ ಮೊಳಗುವ ಅದೇ ವಾದ್ಯ. ಶ್ಲೇಷೆಯ ಜೋಕುಗಳು ಮಾತ್ರ ತಪ್ಪಿಹೋಗುತ್ತವೆ. ಅವುಗಳಲ್ಲಿ ಅನುವಾದಿಸಿ ಹೇಳುವಷ್ಟು ಹುರುಳಿಲ್ಲ, ಬಿಟ್ಟುಬಿಡಿ.

ಎಲ್ಲರೂ ಬಟ್ಟೆಯ ಕರವಸ್ತ್ರವನ್ನು ತಲೆಯ ಮೇಲೆ ಗಿರಗಿರನೆ ತಿರುಗಿಸುವ ಸಂದರ್ಭ ಬರುತ್ತದೆ. ನೀವು ಶುರು ಮಾಡಿದರೆ ಹಿರಿಯರೂ ತಿರುಗಿಸುತ್ತಾರೆ, ನೀವು ನಾಚಿಕೊಂಡು ಕುಳಿತರೆ ಅವರೂ ಕೈಕಟ್ಟಿ ಕೂರುತ್ತಾರೆ. ಹುಟ್ಟುಹಬ್ಬ, ಮದುವೆಯ ವಾರ್ಷಿಕೋತ್ಸವ ಇದ್ದರೆ ಬಾಗಿಲಲ್ಲೇ ತಿಳಿಸಿ, ಆಟದ ನಡುವೆ ಅದಕ್ಕೊಂದು ಗದ್ದಲವಿದೆ. ಐವತ್ತನೆಯ ವರ್ಷದ ಮದುವೆಯ ದಿನವನ್ನು ಇಲ್ಲಿಗೆ ಹೊಂದಿಸಿದವರನ್ನು ಬಲ್ಲೆ. ಶಾರ್ಟ್‌ಕೇಕ್‌ಗೂ ಒಂದು ಹಾಡಿದೆ, ಬಡಿಸುವವರು ಕುಣಿಯುತ್ತಲೇ ತರುತ್ತಾರೆ.

ಸದ್ದು ಜೋರು. ಶ್ರವಣಯಂತ್ರ ಹಾಕಿಕೊಳ್ಳುವವರು ಅದರ ಧ್ವನಿಯನ್ನು ಮೊದಲೇ ತಗ್ಗಿಸಿಕೊಳ್ಳಲಿ, ಕೈಗೂಸಿನ ಕಿವಿಗೆ ಮುಚ್ಚಳ ತನ್ನಿ. ಏಸಿಯ ಚಳಿ ಹೊರಗಿನ ಸೆಕೆಗೆ ಸೇಡು ತೀರಿಸಿಕೊಳ್ಳುವಂತಿರುತ್ತದೆ. ಅತ್ತೆಗೆ ಶಾಲು, ಮಾವನಿಗೆ ಮಫ್ಲರ್ ಮರೆಯಬೇಡಿ, ಮೇ ತಿಂಗಳಾದರೂ ಸರಿ. ಉಡುಪಿಗೆ ಯಾವ ನಿಯಮವೂ ಇಲ್ಲ. ರೇಷ್ಮೆ ಸೀರೆ ಬೇಡ, ಬಾರ್ಬೆಕ್ಯೂ ಸಾಸಿನ ಕಲೆ ಹೋಗುವುದಿಲ್ಲ.

ಆಟ ಮುಗಿದ ಮೇಲೆ

6.15ರ ಆಟ ಬಿಡುವಾಗ ಎಂಟು ದಾಟಿರುತ್ತದೆ. ಎಲ್ಲರೂ ಒಟ್ಟಿಗೆ ಬಸ್ಸಿಗೆ ಮುಗಿಬೀಳುವ ಆ ಹೊತ್ತಿನಲ್ಲಿ ನೀವು ಮುಗಿಬೀಳಬೇಡಿ. ಕ್ಯಾಂಪಿನ ಬಯಲಿನಲ್ಲಿ ಸಂಜೆ ಚಿಪ್ ಮತ್ತು ಡೇಲ್ ಅಳಿಲುಗಳ ವೇಷ ಬಂದು ಬೆಂಕಿಯ ಸುತ್ತ ಮಕ್ಕಳ ಜೊತೆ ಹಾಡುವ ಕಾರ್ಯಕ್ರಮ ಇರುತ್ತದೆ, ದುಡ್ಡಿಲ್ಲ. ಅಲ್ಲಿ ಸುಡಲು ಕೊಳ್ಳುವ ಮಾರ್ಷ್‌ಮ್ಯಾಲೊಗಳಲ್ಲಿ ಜೆಲಾಟಿನ್ ಇರುತ್ತದೆ, ಅದು ಪ್ರಾಣಿಯ ಚರ್ಮ, ಮೂಳೆಯಿಂದ ತೆಗೆದದ್ದು. ಸಸ್ಯಾಹಾರಿ ಮನೆಯವರು ಜೆಲಾಟಿನ್ ಇಲ್ಲದ್ದನ್ನು ಅಂಗಡಿಯಿಂದ ತಂದು ಚೀಲದಲ್ಲಿಟ್ಟುಕೊಂಡರೆ ಮಕ್ಕಳ ಅಳು ತಪ್ಪುತ್ತದೆ.

ನಂತರ ಕೆರೆಯ ದಂಡೆಗೆ ನಡೆಯಿರಿ. ಮ್ಯಾಜಿಕ್ ಕಿಂಗ್‌ಡಮ್‌ನ ಬಾಣಬಿರುಸು ಇಲ್ಲಿಂದ ನೀರಿನ ಆಚೆಗೆ ಕಾಣುತ್ತದೆ, ನೂಕುನುಗ್ಗಲಿಲ್ಲ, ಕುಳಿತೇ ನೋಡಬಹುದು. ಎಲೆಕ್ಟ್ರಿಕಲ್ ವಾಟರ್ ಪೇಜೆಂಟ್ ಎಂಬ ದೀಪಗಳ ತೇಲು ಮೆರವಣಿಗೆಯೂ ಇದೇ ಕೆರೆಯಲ್ಲಿ ಸಾಗುತ್ತದೆ. 1971ರಿಂದ ನಡೆದುಬಂದದ್ದು. ಆಮೆ, ತಿಮಿಂಗಿಲ, ಸಮುದ್ರಸರ್ಪ ಎಂದು ಹದಿನಾಲ್ಕು ತೆಪ್ಪಗಳ ಮೇಲೆ ದೀಪದ ಚಿತ್ರಗಳು. ಇವೆರಡರ ವೇಳೆ ದಿನಕ್ಕೊಂದು ರೀತಿ, ಬಾಗಿಲಲ್ಲೇ ವಿಚಾರಿಸಿಕೊಳ್ಳಿ. ಮಕ್ಕಳನ್ನು ನೀರಿನ ಅಂಚಿಗೆ ಬಿಡಬೇಡಿ. ಅಲಿಗೇಟರ್ ಬಗ್ಗೆ ಎಚ್ಚರಿಕೆಯ ಫಲಕ ಹಾಕಿರುವುದು ಅಲಂಕಾರಕ್ಕಲ್ಲ.

ಹಿಂದಿರುಗುವಾಗ ಔಟ್‌ಪೋಸ್ಟ್‌ನ ಬಸ್ಸಿನಲ್ಲಿ ಹಿರಿಯರಿಗೆ ಮುಂದಿನ ಆಸನ ಕೇಳಿ, ಚಾಲಕರು ಬಸ್ಸನ್ನು ಬಗ್ಗಿಸಿ ಇಳಿಜಾರು ಹಲಗೆ ಹಾಕಿಕೊಡುತ್ತಾರೆ. ಕಾರು ನಿಲ್ಲಿಸಿದ ಸಾಲಿನ ಫೋಟೊ ತೆಗೆದಿಟ್ಟುಕೊಂಡಿರಿ, ಕತ್ತಲಲ್ಲಿ ಎಲ್ಲ ಸಾಲುಗಳೂ ಒಂದೇ. ಯಾರು ಓಡಿಸುತ್ತಾರೆ ಎಂಬುದನ್ನು ಸ್ಯಾಂಗ್ರಿಯಾದ ಹೂಜಿ ಮೇಜಿಗೆ ಬರುವ ಮೊದಲೇ ತೀರ್ಮಾನಿಸಿ. ನಮ್ಮ ಮನೆಯಲ್ಲಿ ಕಾರಿನ ಕೀಲಿ ನನ್ನ ಚಟ್ನಿಪುಡಿ ಡಬ್ಬಿಯ ಜೊತೆಗೇ ಇರುತ್ತದೆ.